ಹನ್ನೆರಡು ಬಾಗಿಲ ಪಾರಾಯಣ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತರಾಗಿದ್ದ ಕೋನಪ್ಪನವರು ತಮ್ಮ ನಲವತ್ತೇಳು ವರ್ಷದ ಬಾಳಿನಲ್ಲಿ ಹೇಳಿದ ಸುಳ್ಳುಗಳಲ್ಲಿ ಹೆಚ್ಚಿನವು ಯಾರಿಗೂ ತೊಂದರೆ ಕೊಡದೆ ತಮ್ಮ ಪಾಡಿಗೆ ತಾವು ಸತ್ತುಹೋದಂಥವು. ಒಂದು ಮಾತ್ರ ಬದುಕಿಕೊಂಡಿತು. ಬದುಕಿದ್ದಷ್ಟೇ ಅಲ್ಲ, ಅವರ ಮನೆಯ ಪಡಸಾಲೆಯಲ್ಲಿ ಒಂದೂವರೆ ವರ್ಷ ಠಿಕಾಣಿ ಹೂಡಿ, ದಿನಾ ಸಂಜೆ ಮಂಗಳಾರತಿ ಎತ್ತಿಸಿಕೊಂಡಿತು.

ಅದು ಎಂಬತ್ತಾರನೆಯ ಇಸವಿ. ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಹೊಸ ಸಾಹೇಬರಿಗೆ ಓದುವ ಹುಚ್ಚು. ಒಂದು ಬೆಳಗ್ಗೆ ಹರಾಜು ಮುಗಿದು ತಕ್ಕಡಿಗಳು ಸುಮ್ಮನಾದ ಮೇಲೆ ಅವರು ಕಚೇರಿಯಲ್ಲಿ ನಿಂತು, "ಇಲ್ಲಿ ಓದೋ ಅಭ್ಯಾಸ ಇರೋರು ಯಾರಾದ್ರೂ ಇದೀರೇನ್ರಿ?" ಎಂದು ಕೇಳಿದರು. ಎಲ್ಲರೂ ತಲೆ ತಗ್ಗಿಸಿದರು. ಪಂಚಾಂಗದ ರಾಶಿಫಲ ಬಿಟ್ಟರೆ ಬೇರೇನನ್ನೂ ಕೊನೆಯವರೆಗೆ ಓದಿ ಗೊತ್ತಿರದ ಕೋನಪ್ಪನವರು ಮಾತ್ರ ಎದೆ ಸೆಟೆಸಿದರು.

"ನಾನಿದೀನಿ ಸಾರ್. ಆದ್ರೆ ಸಣ್ಣಪುಟ್ಟ ಪುಸ್ತಕ ಮುಟ್ಟಲ್ಲ. ದಪ್ಪಗಿದ್ರೆ ಮಾತ್ರ."

ಮಾರನೆಯ ದಿನ ಅವರ ಮೇಜಿನ ಮೇಲೆ ಕೆಂಪು ರಟ್ಟಿನ ಒಂದು ಪುಸ್ತಕ ಬಂದು ಕೂತಿತ್ತು. ‘ಹನ್ನೆರಡು ಬಾಗಿಲ ಪಟ್ಟಣ: ಅದ್ಭುತ ಕಾದಂಬರಿ, ಸಂಪುಟ ಒಂದು.’ ಆರುನೂರ ಹನ್ನೆರಡು ಪುಟ. ಬರೆದವರು ತೊಂಡೇಬಾವಿಯ ಚನ್ನಕೇಶವ ಎಂಬುವರು. "ಓದಿ, ನಿಮ್ಮ ಅಭಿಪ್ರಾಯ ಹೇಳಿ. ಇನ್ನೂ ನಾಲ್ಕು ನನ್ನ ಹತ್ರ ಇದೆ. ಒಟ್ಟು ಹನ್ನೆರಡು ಬರುತ್ತಂತೆ" ಎಂದು ಸಾಹೇಬರು ಬೆನ್ನು ತಟ್ಟಿ ಹೋದರು.

ಕೋನಪ್ಪನವರಿಗೆ ಮನಸ್ಸಿನಲ್ಲೇ ಓದಿಕೊಳ್ಳುವ ವಿದ್ಯೆ ಬರುತ್ತಿರಲಿಲ್ಲ. ತಮ್ಮ ದನಿ ತಮ್ಮ ಕಿವಿಗೆ ಬಿದ್ದರೆ ಮಾತ್ರ ಅರ್ಥ ಒಳಗಿಳಿಯುತ್ತಿತ್ತು. ಸಾಲದ್ದಕ್ಕೆ ಪುಸ್ತಕ ತೊಡೆಯ ಮೇಲಿಟ್ಟರೆ ತೊಡೆ ಜೋಮು ಹಿಡಿಯುವಷ್ಟು ಭಾರ. ಆದ್ದರಿಂದ ಅವರು ದೇವರ ಕೋಣೆಯಿಂದ ವ್ಯಾಸಪೀಠ ತಂದು, ಪಡಸಾಲೆಯಲ್ಲಿಟ್ಟು, ಪುಸ್ತಕ ಅದರ ಮೇಲೆ ತೆರೆದು, ಚಕ್ಕಂಬಕ್ಕಳ ಹಾಕಿ ಕೂತರು. ಅನುಕೂಲಕ್ಕೆಂದು ಮಾಡಿದ ಈ ಕೆಲಸವೇ ಎಡವಟ್ಟಿನ ಬೇರು.

ಅವರ ತಾಯಿ ಗಂಗುಲಮ್ಮನವರಿಗೆ ಎಪ್ಪತ್ತು ದಾಟಿತ್ತು, ಎರಡು ಕಣ್ಣಿಗೂ ಪೊರೆ ಬಂದಿತ್ತು. ಮನೆಯಲ್ಲಿ ಒಂದು ಸಲವಾದರೂ ಭಾರತ ಓದಿಸಬೇಕೆಂದು ಗಂಡನನ್ನು ನಲವತ್ತು ವರ್ಷ ಪೀಡಿಸಿದ್ದರು; ಆ ಪುಣ್ಯಾತ್ಮ ಓದಿಸದೆಯೇ ಕಣ್ಣು ಮುಚ್ಚಿದ್ದರು. ಅವತ್ತು ನೋಡಿದರೆ ಶ್ರಾವಣ ಶನಿವಾರ. ಮಬ್ಬುಗಣ್ಣಿಗೆ ಕಂಡದ್ದು ಇಷ್ಟು: ವ್ಯಾಸಪೀಠ, ಅದರ ಮೇಲೆ ಕೆಂಪು ಪುಸ್ತಕ, ಎದುರಿಗೆ ಮಗ.

"ಕೊನೆಗೂ ಬುದ್ಧಿ ಬಂತಲ್ಲೋ ನನ್ನಪ್ಪಾ!" ಎಂದು ಅವರು ಒಳಗೆ ಹೋದವರು ತೆಂಗಿನಕಾಯಿ, ಅರಿಶಿನದ ದಾರ ಹಿಡಿದೇ ಬಂದರು. ಕೋನಪ್ಪನವರು ಬಾಯಿ ತೆರೆಯುವುದರೊಳಗೆ ಕಾಯಿ ಎರಡು ಹೋಳಾಗಿತ್ತು, ಪುಸ್ತಕಕ್ಕೆ ಕುಂಕುಮ ಬಿದ್ದಿತ್ತು, ಗಂಗುಲಮ್ಮನವರ ಮುಂಗೈಗೆ ಕಂಕಣ ಏರಿತ್ತು. ಪಕ್ಕದ ಮನೆಯ ಅಶ್ವತ್ಥಮ್ಮ ಸದ್ದು ಕೇಳಿ ಹೂವಿನ ತಟ್ಟೆಯೊಂದಿಗೆ ಹಾಜರಾದರು.

"ಅಮ್ಮಾ, ಇದು..." ಎಂದರು ಕೋನಪ್ಪನವರು.

"ಯಾವ ಪರ್ವಾನೋ?"

ಕೋನಪ್ಪನವರು ತಾಯಿಯ ಮುಖ ನೋಡಿದರು, ಅಶ್ವತ್ಥಮ್ಮನ ಹೂವು ನೋಡಿದರು. "ಮೊದಲ್ನೇದು" ಎಂದರು.

ಈ ಸೀಮೆಯಲ್ಲಿ ಪಾರಾಯಣವೆಂದರೆ ಹುಡುಗಾಟವಲ್ಲ. ಕಾಯಿ ಒಡೆದು ಕಂಕಣ ಕಟ್ಟಿದ ಮೇಲೆ ಕಥೆ ಮುಗಿದು ಮಂಗಳವಾಗುವವರೆಗೂ ಕಂಕಣದವರು ಊರ ಗಡಿ ದಾಟುವಂತಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು. ಓದುವವನೊಬ್ಬನಾದರೆ ಅರ್ಥ ಹೇಳುವವನು ಇನ್ನೊಬ್ಬ. ಓದುವುದು ಕನ್ನಡದಲ್ಲಿ, ಅರ್ಥ ತೆಲುಗಿನಲ್ಲಿ. ಆ ಬೀದಿಯಲ್ಲಿ ಅರ್ಥ ಹೇಳುವ ಪಟ್ಟ ಆವಲಪ್ಪನವರದು. ಅವರಿಗೆ ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ, ಅರ್ಥ ಮಾತ್ರ ಸೊಗಸಾಗಿ ಬರುತ್ತಿತ್ತು. ಮನೆಯ ಹಿಂದೆ ರೇಷ್ಮೆ ನೂಲು ತೆಗೆಯುವ ನಾಲ್ಕು ಯಂತ್ರ ಇಟ್ಟುಕೊಂಡಿದ್ದ ಅವರು, ಒಂದು ಗೂಡಿನಿಂದ ಎಷ್ಟು ಉದ್ದದ ಎಳೆ ಬಿಚ್ಚಬಹುದೆಂದು ಬಲ್ಲವರು. ಒಂದು ವಾಕ್ಯದಿಂದಲೂ ಅಷ್ಟೇ ಬಿಚ್ಚುತ್ತಿದ್ದರು.

ಈಗ ಆ ಕಾದಂಬರಿಯ ವಿಷಯಕ್ಕೆ ಬರೋಣ. ಮೇಘಧ್ವಜನೆಂಬ ರಾಜಕುಮಾರ ಹನ್ನೆರಡು ಬಾಗಿಲು ದಾಟಿ ಒಂದು ಮಾಯಾಪಟ್ಟಣದ ನಡುಮನೆ ಸೇರಬೇಕು, ಇಷ್ಟೇ ಕಥೆ. ಇನ್ನೂರನೆಯ ಪುಟದಲ್ಲಿ ಅವನು ಹೊರಡಲು ತೀರ್ಮಾನಿಸಿದ. ಮುನ್ನೂರ ನಲವತ್ತರಲ್ಲಿ ಕುದುರೆ ಹತ್ತಲು ಎಡಗಾಲನ್ನು ಜೀನಿನ ರಿಕಾಪಿನಲ್ಲಿಟ್ಟ. ಬಲಗಾಲು ಇನ್ನೂ ನೆಲದ ಮೇಲಿರುವಾಗಲೇ ಕುದುರೆಯ ತಾಯಿ, ಅಜ್ಜಿ, ಮುತ್ತಜ್ಜಿಯರ ಕಥೆಗಳು ಶುರುವಾಗಿ ಮೊದಲನೆಯ ಸಂಪುಟವೇ ಮುಗಿಯಿತು. ಅವನು ಕುದುರೆಯ ಮೇಲೆ ನೆಟ್ಟಗೆ ಕೂತದ್ದು ಎರಡನೆಯ ಸಂಪುಟದಲ್ಲಿ, ದೀಪಾವಳಿ ಕಳೆದ ಮೇಲೆ.

ಆ ಎಡಗಾಲಿನ ಸಂಜೆಯನ್ನು ಬೀದಿ ಮರೆಯುವಂತಿಲ್ಲ.

"ಕಾಲು ಪೆಟ್ಟಿನಾಡು!" ಎಂದರು ಆವಲಪ್ಪನವರು, ಕಾಲಿಟ್ಟ ಎಂಬ ಅರ್ಥದಲ್ಲಿ. ಸಭೆ ಮುಂದಕ್ಕೆ ಬಾಗಿತು. "ಎಕ್ಕಡ ಪೆಟ್ಟಿನಾಡು? ರಿಕಾಪುಲೋ ಪೆಟ್ಟಿನಾಡು! ಎಂದುಕು ಪೆಟ್ಟಿನಾಡು?"

ಎಲ್ಲಿ ಇಟ್ಟ, ಯಾಕೆ ಇಟ್ಟ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವುದರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಗಂಗುಲಮ್ಮನವರು ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಅಶ್ವತ್ಥಮ್ಮನದು ಯಾವಾಗಲೂ ಒಂದೇ ಪ್ರಶ್ನೆ: "ಅದೆಲ್ಲಾ ಸರಿ, ಕುದುರೆಗೆ ನೀರು ಕುಡಿಸಿದ್ನಾ?"

ಕೋನಪ್ಪನವರದು ಅವಸರದ ಉದ್ಯೋಗ. ಗೂಡಿನ ಮಾರುಕಟ್ಟೆಯಲ್ಲಿ ನಿಧಾನಕ್ಕೆ ಜಾಗವಿಲ್ಲ. ಬೆಳಗ್ಗೆ ಬಂದ ಗೂಡು ಅವತ್ತೇ ಹರಾಜಾಗಬೇಕು. ನಾಲ್ಕು ದಿನ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡು ತೂತು ಮಾಡಿಕೊಂಡು, ಮಾಲೀಕನ ಮುಖದ ಮೇಲೇ ಹಾರಿಹೋಗುತ್ತದೆ. ಇಂಥ ಕಡೆ ಇಪ್ಪತ್ತು ವರ್ಷ ಸವೆಸಿದ ಮನುಷ್ಯನಿಗೆ ಒಬ್ಬ ರಾಜಕುಮಾರ ಬೆವರು ಒರೆಸಿಕೊಳ್ಳುವುದನ್ನು ಐದು ಪುಟ ಓದಬೇಕಾಗಿ ಬಂದರೆ ಏನಾಗಬೇಡ? ಒಂದು ಸಂಜೆ ಅವರು ಯಾರಿಗೂ ತಿಳಿಯದಂತೆ ಹತ್ತು ಪುಟ ಒಟ್ಟಿಗೆ ತಿರುವಿಬಿಟ್ಟರು.

"ತಡಿ ಕೋನಪ್ಪ" ಎಂದರು ಅಶ್ವತ್ಥಮ್ಮ. "ನಿನ್ನೆ ಒಂಟೆ ಮೇಲೆ ಬರ್ತಿದ್ದ ಮುದುಕಿ ಇನ್ನೂ ಇಳಿದೇ ಇಲ್ಲ. ಇವತ್ತು ಊಟಕ್ಕೆ ಕೂತವ್ಳೆ ಅಂತೀಯ. ಒಂಟೆ ಸಮೇತ ಕೂತ್ಲಾ?"

ಕೋನಪ್ಪನವರು ಹಿಂದಕ್ಕೆ ಹೋಗಿ ಮುದುಕಿಯನ್ನು ಒಂಟೆಯಿಂದ ಇಳಿಸಬೇಕಾಯಿತು. ಇಳಿಸುವುದಕ್ಕೆ ಎರಡು ದಿನ ಹಿಡಿಯಿತು.

ಮೂರನೆಯ ಸಂಪುಟದಲ್ಲಿ ಮಳೆ ಬಂತು. ಪುಸ್ತಕದಲ್ಲಿ ನಲವತ್ತೆರಡು ಪುಟ ಸುರಿದ ಮಳೆ, ದೈವಯೋಗವೆಂಬಂತೆ, ಆ ವಾರ ಶಿಡ್ಲಘಟ್ಟದಲ್ಲೂ ಸುರಿಯಿತು. ಕೆಸರು ಮೆತ್ತಿದ ಕಾಲಿನಲ್ಲಿ ಹಿಪ್ಪುನೇರಳೆ ತೋಟದ ರೈತರು ಹಣ್ಣುಕಾಯಿ ತಂದು, "ಸ್ವಾಮಿ, ಅದೇ ಮಳೆ ಅಧ್ಯಾಯ ಇನ್ನೊಂದು ದಿನ ಓದಿ" ಎಂದು ಕೈಮುಗಿದರು. ಅವರ ಹಿಂದೆಯೇ ಬಂದ ನೂಲು ತೆಗೆಯುವವರು, "ಗೂಡೆಲ್ಲಾ ಒದ್ದೆ ಕಣ್ರೀ, ಬೇಗ ಬಿಸಿಲು ಬರೋ ಪುಟಕ್ಕೆ ಹೋಗಿ!" ಎಂದು ಕೂಗಾಡಿದರು. ಎರಡು ಪಕ್ಷದವರೂ ಜಗುಲಿಯ ಮೇಲೆ ಕೊರಳಪಟ್ಟಿ ಹಿಡಿದುಕೊಂಡಾಗ ಕೋನಪ್ಪನವರು ಪುಸ್ತಕ ಎದೆಗವಚಿಕೊಂಡು ಅಡುಗೆಮನೆ ಸೇರಿದರು. ಹೆಂಡತಿ ವೆಂಕಟರತ್ನಮ್ಮ ಸೌಟು ಹಿಡಿದೇ ತಿರುಗಿ, "ಸುಳ್ಳು ಹೇಳೋದು ಹೇಳ್ತೀರ, ಒಂದು ತೆಳ್ಳಗಿರೋ ಸುಳ್ಳು ಹೇಳಬಾರ್ದಾಗಿತ್ತಾ?" ಎಂದರು.

ಹೀಗೆ ಎಂಬತ್ತೇಳರ ಕಾರ್ತಿಕದ ಹೊತ್ತಿಗೆ ಐದು ಸಂಪುಟಗಳು ಮುಗಿದವು. ಕೊನೆಯ ಪುಟದಲ್ಲಿ ಮೇಘಧ್ವಜ ಐದನೆಯ ಬಾಗಿಲು ತಟ್ಟಲು ಕೈ ಎತ್ತಿದ. ಕೆಳಗೆ, ‘ಆರನೆಯ ಸಂಪುಟ ಅಚ್ಚಿನಲ್ಲಿದೆ’ ಎಂದಿತ್ತು. ಪುಸ್ತಕ ಕೊಟ್ಟ ಸಾಹೇಬರಿಗೆ ಆ ವೇಳೆಗೆ ವರ್ಗವಾಗಿತ್ತು. ಅವರು ಐದನ್ನೂ ಕೋನಪ್ಪನವರಿಗೇ ದಾನ ಮಾಡಿ, ಇಂಥ ಓದುಗನನ್ನು ತಾನು ಕಂಡಿಲ್ಲವೆಂದು ಕಣ್ಣೊರೆಸಿಕೊಂಡು ಹೋಗಿದ್ದರು. ಆರನೆಯದು ಬರಲಿಲ್ಲ. ಸಭೆ ಚದುರಲೂ ಇಲ್ಲ. ಎತ್ತಿದ ಕೈಯ ಅರ್ಥವನ್ನೇ ಆವಲಪ್ಪನವರು ಮೂರು ತಿಂಗಳು ಹೇಳಿದರು.

ಫೆಬ್ರವರಿಯಲ್ಲಿ ಗಂಗುಲಮ್ಮನವರು ಬಲಗಣ್ಣು ನೋಯುತ್ತದೆಂದರು. ಊರಿನ ಡಾಕ್ಟರು ಟಾರ್ಚು ಹಾಕಿ ನೋಡಿ ಮುಖ ಗಂಟಿಕ್ಕಿದರು.

"ಪೊರೆ ಪೂರ್ತಿ ಹಣ್ಣಾಗಿದೆ ಕೋನಪ್ಪ. ಇನ್ನು ತಡ ಮಾಡಿದ್ರೆ ಒಳಗೇ ಒಡೆದು ಕಣ್ಣೇ ಹೋಗುತ್ತೆ. ಮುಂದಿನ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಕಣ್ಣಿನ ಶಿಬಿರ ಇದೆ, ಹೆಸರು ಬರೆಸಿಬಿಡ್ತೀನಿ."

ಗಂಗುಲಮ್ಮನವರು ಉತ್ತರವಾಗಿ ಮುಂಗೈ ಎತ್ತಿ ತೋರಿಸಿದರು. "ಕಂಕಣ ಐತೆ. ಗಡಿ ದಾಟಂಗಿಲ್ಲ."

"ಯಾವಾಗ ಕಟ್ಕೊಂಡಿದ್ದಮ್ಮ?"

"ಹೋದ ವರ್ಷದ ಹಿಂದಿನ ಶ್ರಾವಣ."

ಡಾಕ್ಟರು ಕೋನಪ್ಪನವರ ಕಡೆ ತಿರುಗಿದರು. "ಒಂದೂವರೆ ವರ್ಷ ಓದೋ ಪುರಾಣ ಯಾವುದ್ರೀ ಅದು?"

"ಇನ್ನೂ ಐದನೇ ಬಾಗ್ಲು ಸಾರ್" ಎಂದರು ಕೋನಪ್ಪನವರು. "ಏಳು ಬಾಕಿ ಇದೆ."

"ನನಗೆ ಬಾಗಿಲು ಗೀಗಿಲು ಗೊತ್ತಿಲ್ಲ. ಭಾನುವಾರ ತಪ್ಪಿದ್ರೆ ಮುಂದಿನ ಶಿಬಿರ ಆಷಾಢಕ್ಕೆ. ಅಷ್ಟೊತ್ತಿಗೆ ಆ ಕಣ್ಣು ಇರಲ್ಲ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

ಅವತ್ತು ಸಂಜೆ ಕೋನಪ್ಪನವರು ಸಭೆಯ ನಡುವೆ ನಿಂತು, ಕೈ ಜೋಡಿಸಿ, ಸತ್ಯ ಹೇಳಿಬಿಟ್ಟರು. ಅದು ಭಾರತವಲ್ಲ. ಪುರಾಣವೂ ಅಲ್ಲ. ತೊಂಡೇಬಾವಿಯ ಯಾರೋ ಒಬ್ಬರು ಕಲ್ಪನೆ ಮಾಡಿ ಬರೆದ ಕಾದಂಬರಿ. ಆದ್ದರಿಂದ ಕಂಕಣಕ್ಕೆ ಬೆಲೆಯಿಲ್ಲ, ಅಮ್ಮ ಧಾರಾಳವಾಗಿ ಗಡಿ ದಾಟಬಹುದು.

ಸಭೆ ಇದನ್ನು ಕೇಳಿ ತಲ್ಲಣಿಸುತ್ತದೆಂದು ಅವರು ತಿಳಿದಿದ್ದರು. ಯಾರೂ ಅಲುಗಾಡಲಿಲ್ಲ.

"ಕಾಯಿ ಒಡೆದಿದ್ದು ನಿಜ ತಾನೇ?" ಎಂದರು ಗಂಗುಲಮ್ಮನವರು. "ಭಾರತಾನೂ ಯಾರೋ ಒಬ್ರು ಕೂತ್ಕೊಂಡು ಬರೆದಿದ್ದೇ ಅಲ್ವೇನೋ? ಅವ್ರೂ ಒಂದು ಊರ್ನೋರೇ ಇರ್ಬೇಕು."

ಆವಲಪ್ಪನವರಿಗೆ ಸಿಟ್ಟು ನೆತ್ತಿಗೇರಿತ್ತು. "ಒಂದೂವರೆ ವರ್ಷ ನಾನು ಅರ್ಥ ಹೇಳಿವ್ನಿ. ಅರ್ಥ ಇಲ್ದಲೇ ಹೇಳಿದ್ನಾ ನಾಯನಾ? ಪುರಾಣ ಅಲ್ವಂತೆ! ಹಂಗಾದ್ರೆ ನಾನೇನು ಬೀಡಿ ಕಟ್ಟಿನ ಮೇಲಿರೋದಕ್ಕೆ ಅರ್ಥ ಹೇಳ್ದಂಗಾಯ್ತಾ?"

ಕೋನಪ್ಪನವರ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು. ಸತ್ಯ ಹೇಳಿದರೆ ನಂಬದ ಜನಕ್ಕೆ ಸುಳ್ಳೇ ಮದ್ದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮರುದಿನ ಕಚೇರಿಯಿಂದ ಹಳೆಯ ಟೆಲಿಫೋನ್ ಡೈರೆಕ್ಟರಿಯೊಂದನ್ನು ತಂದು, ಕೆಂಪು ಬಟ್ಟೆಯ ಹೊದಿಕೆ ಹಾಕಿ, ಕುಂಕುಮ ಹಚ್ಚಿ ವ್ಯಾಸಪೀಠದ ಮೇಲಿಟ್ಟರು. "ಆರನೇ ಸಂಪುಟ ಬಂತು. ಇದೇ ಕೊನೇದಂತೆ" ಎಂದು ಸಾರಿದರು. ಅಮ್ಮನಿಗೆ ಕಣ್ಣಿಲ್ಲ, ಆವಲಪ್ಪನವರಿಗೆ ಅಕ್ಷರವಿಲ್ಲ, ಇನ್ನೇನು ಭಯ?

ಗಂಟಲು ಸರಿಮಾಡಿಕೊಂಡು ಅವರು, ಬೆಂಗಳೂರಿನ ಟೆಲಿಫೋನ್ ಚಂದಾದಾರರ ಹೆಸರುಗಳನ್ನು ದಿಟ್ಟಿಸುತ್ತಾ, ಓದತೊಡಗಿದರು. "ಮೇಘಧ್ವಜನು ಐದನೆಯ ಬಾಗಿಲನ್ನು ತಟ್ಟಿದನು. ಬಾಗಿಲು ತೆರೆಯಿತು. ಆರನೆಯದೂ ತೆರೆದಿತ್ತು. ಏಳು, ಎಂಟು, ಒಂಬತ್ತನ್ನು ಒಂದೇ ಏಟಿಗೆ ಒಡೆದನು. ಹತ್ತನೆಯ ಬಾಗಿಲಲ್ಲಿದ್ದ ರಾಕ್ಷಸನು ಇವನನ್ನು ಕಂಡವನೇ ಓಡಿಹೋದನು. ಹನ್ನೊಂದು, ಹನ್ನೆರಡು ದಾಟಿ, ನಡುಮನೆಗೆ ಹೋಗಿ, ಸಿಂಹಾಸನದ ಮೇಲೆ ಕೂತನು. ಎಲ್ಲರೂ ಸುಖವಾಗಿದ್ದರು. ಮಂಗಳಂ."

ಗಡಿಯಾರ ನೋಡಿದರೆ ನಾಲ್ಕು ನಿಮಿಷ ಕಳೆದಿತ್ತು. ಕೋನಪ್ಪನವರು ಆರತಿ ತಟ್ಟೆಗೆ ಕೈ ಹಾಕಿದರು.

"ಕುದುರೆ?" ಎಂದರು ಅಶ್ವತ್ಥಮ್ಮ.

"ಕುದುರೆಯೂ ಸುಖವಾಗಿತ್ತು."

"ಎಲ್ಲಿ ಕಟ್ಟಾಕಿದ?"

ಅರ್ಥ ಹೇಳುವ ಸರದಿ ಆವಲಪ್ಪನವರದಾಯಿತು. ನಾಲ್ಕು ನಿಮಿಷದಲ್ಲಿ ಎಂಟು ಬಾಗಿಲು ಹಾರಿಹೋದ ಅರ್ಥಗಾರನ ಸಂಕಟ ಶತ್ರುವಿಗೂ ಬೇಡ. "ಕೋನಪ್ಪ, ಇವನು ಮೂರನೇ ಬಾಗ್ಲತ್ರ ಚಪ್ಪಲಿ ಬಿಡಕ್ಕೇ ಹನ್ನೊಂದು ಪುಟ ತಗೊಂಡೋನು. ಯಾರೋ ಬೇರೆ ಮೇಘಧ್ವಜ ಇರ್ಬೇಕು ನೋಡು" ಎಂದರು.

ಗಂಗುಲಮ್ಮನವರು ಮೆತ್ತಗೆ ಹೇಳಿದರು. "ಇದನ್ನ ಬರೆದೋನು ಆ ಪುಣ್ಯಾತ್ಮ ಅಲ್ಲ ಕಣೋ. ಅವನು ಯಾರನ್ನೂ ಹಿಂಗೆ ದಬ್ಬಲ್ಲ. ಇದು ನೀನು."

ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಜನ ಒಬ್ಬೊಬ್ಬರಾಗಿ ಎದ್ದರು. ಅಶ್ವತ್ಥಮ್ಮ ಹೋಗುವಾಗ ಡೈರೆಕ್ಟರಿಯ ಹೊದಿಕೆ ಎತ್ತಿ ನೋಡಿ, ಮತ್ತೆ ಮುಚ್ಚಿ, "ಪಾಪ, ಎಷ್ಟೊಂದು ಜನರ ಹೆಸರು" ಎಂದಷ್ಟೇ ಅಂದರು. ಕೋನಪ್ಪನವರಿಗೆ ಬೈದಿದ್ದರೆ ವಾಸಿಯಿತ್ತು.

ಗುರುವಾರ ರಜೆ ಹಾಕಿ ಅವರು ತೊಂಡೇಬಾವಿಗೆ ಹೊರಟರು. ಪುಸ್ತಕದ ಹಿಂಬದಿಯಲ್ಲಿ ವಿಳಾಸವಿತ್ತು. ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಗೌರಿಬಿದನೂರಿಗೆ ಇನ್ನೊಂದು, ಅಲ್ಲಿಂದ ಮತ್ತೊಂದು. ಮೂರು ಬಸ್ಸಿನಲ್ಲೂ ಅವರು ಬೈಗುಳಗಳನ್ನು ಜೋಡಿಸಿಕೊಂಡರು. ಒಬ್ಬ ಮನುಷ್ಯ ಬಾಗಿಲು ತಟ್ಟಿಸಲು ಸೋಮಾರಿತನ ಮಾಡಿದ್ದರಿಂದ ತಮ್ಮ ತಾಯಿಯ ಕಣ್ಣು ಹೋಗುತ್ತಿದೆ. ಕೇಳುವವರಿಲ್ಲವೇ?

ರೈಲ್ವೆ ನಿಲ್ದಾಣದ ಹಿಂದಿನ ಹೆಂಚಿನ ಮನೆ. ಬಾಗಿಲಲ್ಲಿ ಒಬ್ಬ ಹೆಂಗಸು ಅವರೆಕಾಳು ಹಿತುಕುತ್ತಾ ಕೂತಿದ್ದರು. ಲೇಖಕರ ಹೆಂಡತಿ, ಅನಸೂಯಮ್ಮ. ತಲೆಯೆತ್ತದೆಯೇ ಕೇಳಿದರು: "ಬೈಯೋಕೆ ಬಂದೋರಾ, ಹೊಗಳೋಕೆ ಬಂದೋರಾ?"

"ಬೈಯೋಕೆ" ಎಂದರು ಕೋನಪ್ಪನವರು.

"ಹಂಗಾದ್ರೆ ಮೊದ್ಲು ಕಾಫಿ ಕುಡೀರಿ. ಬೈಯೋರೇ ಪೂರ್ತಿ ಓದಿರೋರು. ಹೊಗಳೋರು ಬರೀ ರಟ್ಟು ನೋಡಿರ್ತಾರೆ."

ಚನ್ನಕೇಶವ ಅರವತ್ತು ದಾಟಿದ ಸಣಕಲು ಮನುಷ್ಯ. ಮೂವತ್ತು ವರ್ಷ ರೈಲ್ವೆ ಗೇಟು ಹಾಕಿ ತೆಗೆಯುವ ಕೆಲಸ ಮಾಡಿ, ಎರಡು ರೈಲುಗಳ ನಡುವಿನ ಬಿಡುವಿನಲ್ಲಿ ಈ ಪಟ್ಟಣ ಕಟ್ಟಿದವರು. ಒಂದೊಂದು ಸಂಪುಟವನ್ನೂ ನಾಲ್ಕು ಸಲ ಕೈಯಲ್ಲಿ ತಿದ್ದಿ ಬರೆದ ನೋಟ್‌ಬುಕ್ಕುಗಳು ಗೋಡೆಯುದ್ದಕ್ಕೂ ಸೊಂಟದೆತ್ತರ ನಿಂತಿದ್ದವು. ಅವುಗಳನ್ನು ನೋಡಿ ಕೋನಪ್ಪನವರ ಬೈಗುಳಗಳಲ್ಲಿ ಅರ್ಧ ಗಂಟಲಲ್ಲೇ ಉಳಿದವು. ಉಳಿದರ್ಧವನ್ನು ಹೇಗೋ ಹೊರಗೆ ತಂದರು.

"ಸ್ವಾಮಿ, ದಮ್ಮಯ್ಯ, ಆ ಬಾಗ್ಲು ತಟ್ಟಿಸಿಬಿಡಿ! ಎಲ್ಲಾ ಬಾಗ್ಲೂ ತಟ್ಟಿಸಿಬಿಡಿ! ಭಾನುವಾರದೊಳಗೆ!"

ತೆಂಗಿನಕಾಯಿಯಿಂದ ಡೈರೆಕ್ಟರಿಯವರೆಗೆ ಎಲ್ಲವನ್ನೂ ಹೇಳಿದರು. ಚನ್ನಕೇಶವ ನಗಲಿಲ್ಲ.

"ಅವನು ತಟ್ಟಲ್ಲ ಕೋನಪ್ಪನವ್ರೇ. ನಾನೂ ಎರಡು ಸಲ ತಟ್ಟಿಸಿ ನೋಡ್ದೆ. ಸುಳ್ಳಾಯ್ತು, ಹರಿದಾಕ್ದೆ."

"ಯಾಕೆ ತಟ್ಟಲ್ಲ?"

"ಅವನಿಗೆ ಭಯ."

"ರಾಜಕುಮಾರ ಸ್ವಾಮೀ ಅವನು!"

"ಆದ್ರೇನು? ಭಯ ಇರೋನು ಕುದುರೆ ಮೈ ತಿಕ್ತಾನೆ. ಅದರ ಅಜ್ಜಿ ಕಥೆ ಹೇಳ್ತಾನೆ. ಚಪ್ಪಲಿ ಬಿಡಕ್ಕೆ ಜಾಗ ಹುಡುಕ್ತಾನೆ. ಬಾಗ್ಲು ತಟ್ಟೋದೊಂದು ಬಿಟ್ಟು ಎಲ್ಲಾ ಕೆಲಸ ಮಾಡ್ತಾನೆ. ಜನ ನನ್ನ ಎಳೀತಾನೆ ಎಳೀತಾನೆ ಅಂತಾರೆ. ನಾನೆಲ್ಲಿ ಎಳೆದೆ? ಅವನ ಹಿಂದೆ ಹಿಂದೇನೇ ನಡೀತಾ ಇದೀನಿ, ಅಷ್ಟೆ."

ಚನ್ನಕೇಶವ ಆರನೆಯ ಸಂಪುಟದ ನೋಟ್‌ಬುಕ್ಕು ತೆಗೆದು ಓದತೊಡಗಿದರು. ಅವರು ಒಂದು ಪುಟ ಓದುವಷ್ಟರಲ್ಲಿ ಕೋನಪ್ಪನವರಾಗಿದ್ದರೆ ಐದು ಓದಿ ಮುಗಿಸಿರುತ್ತಿದ್ದರು. ಆದರೂ ಅವತ್ತು ಮೊದಲ ಸಲ ಅವರು ಆ ಕುದುರೆಯನ್ನು ಕಂಡರು, ಅದರ ಕಿವಿ ಅಲುಗಿದ್ದನ್ನು ಕಂಡರು, ಬಾಗಿಲ ಮೇಲಿನ ಹಿತ್ತಾಳೆ ಮೊಳೆಗಳನ್ನು ಎಣಿಸಿದರು. ಒಂದೂವರೆ ವರ್ಷ ಇದನ್ನೇ ತಾವು ಓದಿದ್ದರು, ಒಂದು ದಿನವೂ ಕೇಳಿರಲಿಲ್ಲ. ಗೌರಿಬಿದನೂರಿನ ಎರಡು ಬಸ್ಸು ಹೋದದ್ದು ಗೊತ್ತಾಗಲಿಲ್ಲ. ಅನಸೂಯಮ್ಮ ಹಿತುಕಿದ ಬೇಳೆಯ ಸಾರು ಬಡಿಸಿದಾಗ, "ಆಮೇಲೆ?" ಎಂದರು. "ಆಮೇಲೆ ಇನ್ನೂ ಬರೆದಿಲ್ಲ" ಎಂದರು ಚನ್ನಕೇಶವ. ಓದಿದ್ದರಲ್ಲಿ ಕೊನೆಯ ಮೂರು ಪುಟಗಳನ್ನು ಮಾತ್ರ ತಮ್ಮ ಕೈಯಿಂದಲೇ ನಕಲು ಮಾಡಿಕೊಟ್ಟರು. "ಅಮ್ಮಂಗೆ ಓದಿ. ನಿಧಾನವಾಗಿ ಓದಿ."

ಶುಕ್ರವಾರ ಸಂಜೆ ವ್ಯಾಸಪೀಠದ ಮೇಲೆ ಮೂರೇ ಮೂರು ಹಾಳೆ ಇದ್ದವು. ನಂಬಿಕೆ ಕಳೆದುಕೊಂಡ ಸಭೆ ದೂರ ದೂರ ಕೂತಿತ್ತು. ಕೋನಪ್ಪನವರು ಓದಲು ಶುರುಮಾಡಿದರು. ಕುದುರೆ ಕಿವಿ ಅಲುಗಿಸಿದ್ದಕ್ಕೆ ಅರ್ಧ ಪುಟ ಹಿಡಿಯಿತು, ಅವರು ಅರ್ಧ ಪುಟವನ್ನೂ ಓದಿದರು. ಅಶ್ವತ್ಥಮ್ಮ ಕೂತಲ್ಲಿಂದಲೇ ಸರಿದು ಹತ್ತಿರ ಬಂದರು. ಬಾಗಿಲ ಪಕ್ಕದ ಕಲ್ಲುಬಾನಿಯಲ್ಲಿ ಕುದುರೆ ನೀರು ಕುಡಿಯಿತು. "ಸದ್ಯ!" ಎಂದು ಅಶ್ವತ್ಥಮ್ಮ ಕಣ್ಣು ಮುಚ್ಚಿಕೊಂಡರು.

ಕೊನೆಯ ಸಾಲುಗಳು ಹೀಗಿದ್ದವು: "ಮೇಘಧ್ವಜನು ಎತ್ತಿದ್ದ ಕೈಯನ್ನು ಇಳಿಸಿದನು. ಕುದುರೆಯ ಕೊರಳಿಗೆ ಹಣೆಯಿಟ್ಟು, ‘ನನಗೆ ಭಯವಾಗುತ್ತಿದೆ’ ಎಂದನು. ಹಾಗೆಂದ ಮೇಲೆ ಅವನಿಗೆ ಉಸಿರಾಡಲು ಬಂತು."

ಎಲ್ಲರೂ ಆವಲಪ್ಪನವರ ಕಡೆ ನೋಡಿದರು. ಅವರು ತುಟಿ ಒದ್ದೆ ಮಾಡಿಕೊಂಡರು, ಹೆಗಲ ಟವೆಲ್ಲು ಸರಿಮಾಡಿಕೊಂಡರು, ಕೊನೆಗೆ ಕೈ ಅಲ್ಲಾಡಿಸಿಬಿಟ್ಟರು. "ದೀನಿಕಿ ಅರ್ಥಂ ಅಕ್ಕರ್ಲೇದು" ಎಂದರು. ಇದಕ್ಕೆ ಅರ್ಥ ಬೇಕಾಗಿಲ್ಲವೆಂದು ಆವಲಪ್ಪನವರು ಹೇಳಿದ್ದು ಆ ಬೀದಿಯ ಚರಿತ್ರೆಯಲ್ಲಿ ಅದೊಂದೇ ಸಲ.

"ನಂಗೂ ಅಷ್ಟೇ ಕಣೋ" ಎಂದರು ಗಂಗುಲಮ್ಮನವರು.

"ಏನಮ್ಮ?"

"ಭಯ. ಕಣ್ಣಿಗೆ ಕತ್ತಿ ಹಾಕ್ತಾರೆ ಅಂದ್ರೆ ಯಾರಿಗೆ ಆಗಲ್ಲ? ನಿಮ್ಮಪ್ಪ ಆಸ್ಪತ್ರೆ ಒಳಕ್ಕೆ ನಡ್ಕೊಂಡು ಹೋದೋರು ನಡ್ಕೊಂಡು ಬರ್ಲಿಲ್ಲ. ನಾಲ್ಕು ಜನರ ಮುಂದೆ ಹೆಂಗಪ್ಪ ಹೇಳೋದು ಅಂತ ಕಂಕಣ ತೋರಿಸ್ದೆ. ರಾಜಕುಮಾರನೇ ಬಾಯಿಬಿಟ್ಟು ಹೇಳಿದ್ಮೇಲೆ ನಂದೇನು ದೊಡ್ಡಸ್ತಿಕೆ." ಅವರು ಮುಂಗೈ ಮುಂದೆ ಚಾಚಿದರು. "ಬಿಚ್ಚು."

"ಮಂಗಳ ಆಗ್ಲಿಲ್ವಲ್ಲ ಅತ್ತೆ?" ಎಂದರು ಅಶ್ವತ್ಥಮ್ಮ.

"ಅವನಿಗೆ ಆದಾಗ ಆಗ್ಲಿ ಬಿಡಮ್ಮ. ಅವಸರ ಏನು."

ಭಾನುವಾರ ಚಿಕ್ಕಬಳ್ಳಾಪುರದ ಛತ್ರದ ಮುಂದೆ ಶಿಬಿರದ ಸಾಲು ನಿಂತಿತ್ತು. ಗಂಗುಲಮ್ಮನವರು ಒಳಗೆ ಹೋಗುವ ಮುಂಚೆ ನೀರು ಕೇಳಿದರು, ಸೆರಗು ಸರಿಮಾಡಿಕೊಂಡರು, ಚಪ್ಪಲಿ ಎಲ್ಲಿ ಬಿಡಬೇಕೆಂದು ಮೂರು ಕಡೆ ಜಾಗ ನೋಡಿದರು. ನರ್ಸು ಗಡಿಯಾರ ನೋಡಿಕೊಂಡು, "ಬೇಗ ಬನ್ನಿ ಅಜ್ಜಿ, ಹಿಂದೆ ಅರವತ್ತು ಜನ ಇದಾರೆ" ಎಂದಾಗ ಕೋನಪ್ಪನವರು ಅಡ್ಡ ನಿಂತರು. ಇಪ್ಪತ್ತು ವರ್ಷ ಹರಾಜು ಕೂಗಿಸಿದ ಮನುಷ್ಯ, "ಬರ್ತಾರೆ ಸಿಸ್ಟರ್. ಒಂದು ಸ್ವಲ್ಪ ತಡ್ಕೊಳ್ಳಿ" ಎಂದರು. ಗಂಗುಲಮ್ಮನವರು ಮಗನ ಕೈ ಒಮ್ಮೆ ಅದುಮಿ, ಬಿಟ್ಟು, ಒಬ್ಬರೇ ಒಳಗೆ ಹೋದರು.

ಒಂದೂವರೆ ತಿಂಗಳಾದ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಆ ಸಂಜೆ ಪಡಸಾಲೆ ತುಂಬಿತ್ತು. ವೆಂಕಟರತ್ನಮ್ಮ ಅತ್ತೆಯ ಕಿವಿಗೆ ಕನ್ನಡಕ ಸಿಕ್ಕಿಸಿದರು. ಗಂಗುಲಮ್ಮನವರು ಮೊದಲು ಅಶ್ವತ್ಥಮ್ಮನನ್ನು ನೋಡಿ ನಕ್ಕರು, ಆವಲಪ್ಪನವರ ಮೀಸೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು. ಪೊರೆ ಬಂದು ಎಷ್ಟು ವರ್ಷವಾಗಿತ್ತೋ, ಅಷ್ಟು ವರ್ಷದ ಮೇಲೆ ಅವನ ಮುಖ ಕಾಣುತ್ತಿತ್ತು. ಹತ್ತಿರ ಕರೆದು, ಕಿವಿಯ ಮೇಲಿನ ಕೂದಲನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದರು.

"ಅಯ್ಯೋ ನನ್ನಪ್ಪಾ, ತಲೆಯೆಲ್ಲಾ ಬೆಳ್ಳಗಾಗೋಗಿದ್ಯಲ್ಲೋ! ಇದು ಯಾವ ಸಂಪುಟದಲ್ಲಾಯ್ತು? ನಂಗೆ ಓದೇ ಹೇಳ್ಲಿಲ್ವಲ್ಲೋ ನೀನು."

ಸಭೆ ಗೊಳ್ಳೆಂದಿತು. ಕೋನಪ್ಪನವರೂ ನಗಲು ಹೋದರು, ಆಗಲಿಲ್ಲ. ತಲೆ ಬಗ್ಗಿಸಿಕೊಂಡು ತಾಯಿಯ ಮುಂದೆ ಕೂತೇ ಇದ್ದರು. ಗಂಗುಲಮ್ಮನವರು ಒಂದೊಂದೇ ಕೂದಲು ನೋಡಿ ಮುಗಿಸುವವರೆಗೆ ಏಳಲಿಲ್ಲ.